ಕೋಡಿಯ ಮೇಲಿನ ಹಸಿರು ಸೀರೆ

ಮುತ್ತಲಕೊಪ್ಪದ ಕೆರೆ ತುಂಬಿದ ವರ್ಷ ಊರಿಗೆ ಮೊದಲು ಬಂದದ್ದು ಸಂತೋಷವೇ. ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಸಂತೋಷದ ಬೆನ್ನಿಗೇ ಬಂದ ಇನ್ನೊಂದು ಮಾತ್ರ ಸದ್ದಿಲ್ಲದೆ ಬಂತು, ಮತ್ತು ಅದು ಮೊದಲು ಕಾಣಿಸಿಕೊಂಡದ್ದು ಕೆಳಗಿನ ಓಣಿಯ ಮುರಿಗೆವ್ವನ ಮನೆಯ ಹಗೇವಿನಲ್ಲಿ. ಜೋಳ ತುಂಬಿಡಲು ಅವಳ ಮಾವನ ಕಾಲದಲ್ಲಿ ಅಂಗಳದೊಳಗೆ ತೋಡಿದ್ದ ಆ ನೆಲಗುಂಡಿ ಎಂದೂ ಹಸಿ ಕಂಡದ್ದಲ್ಲ. ಎರಡು ಸಾವಿರದ ಒಂಬತ್ತರ ಭಾದ್ರಪದದ ಕೊನೆಗೆ ಮುಚ್ಚಿದ ಕಲ್ಲು ಸರಿಸಿ ನೋಡಿದರೆ ತಳದಲ್ಲಿ ನೀರು ನಿಂತಿತ್ತು. ಜೋಳ ಮೊಳಕೆಯೊಡೆದು, ಕತ್ತಲಲ್ಲೇ ಬೆಳ್ಳಗೆ ಬೇರು ಬಿಟ್ಟು ಒಂದಕ್ಕೊಂದು ಹೆಣೆದುಕೊಂಡಿತ್ತು. ಮುರಿಗೆವ್ವ ಹೆದರಲಿಲ್ಲ. ಗಂಗವ್ವ ತಾನಾಗಿ ಮನೆತನಕ ಬಂದಿದ್ದಾಳೆ ಎಂದು ವಿಭೂತಿ, ಕುಂಕುಮ ಹಾಕಿ, ಊದಿನಕಡ್ಡಿ ಹಚ್ಚಿ, ಮತ್ತೆ ಕಲ್ಲು ಮುಚ್ಚಿದಳು.

ಆ ಕಲ್ಲನ್ನು ಮತ್ತೊಮ್ಮೆ ಸರಿಸಿ ನೋಡಿದವಳು ಸುಕನ್ಯಾ. ಮುರಿಗೆವ್ವನ ಸೊಸೆ ಸೌಮ್ಯಾಳ ಅಕ್ಕ. ಮದುವೆ ಗಿದುವೆ ಆಗದೆ ಧಾರವಾಡದ ಸಪ್ತಾಪುರದಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು, ಏಳು ಕೆರೆ ಯೋಜನೆಯ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಳು. ತಂಗಿ ಆಗ ತುಂಬು ಬಸುರಿ. ಇದಕ್ಕೆ ಮುಂಚೆ ಎರಡು ಸಲ ಬಸಿರಾಗಿ ಎರಡೂ ಉಳಿದಿರಲಿಲ್ಲ. ಹೀಗಾಗಿ ಸುಕನ್ಯಾ ಯಾವುದೋ ನೆಪ ಮಾಡಿಕೊಂಡು ವಾರಕ್ಕೊಮ್ಮೆಯಾದರೂ ಸ್ಕೂಟಿ ತಿರುಗಿಸಿಕೊಂಡು ಈ ಓಣಿಗೆ ಬರುತ್ತಿದ್ದಳು. ಹಗೇವಿನ ನೀರು ನೋಡಿದ ಕೂಡಲೇ ಅವಳ ಕಣ್ಣು ಮನೆಯ ಹಿಂದಿನ ಕೆರೆಯ ಒಡ್ಡಿನ ಕಡೆ ಹೋಯಿತು. ಅಷ್ಟು ಎತ್ತರದ ಮಣ್ಣಿನ ಗೋಡೆಯ ಬುಡದಲ್ಲಿ ತಂಗಿಯ ಮನೆ ಇದೆ ಎಂಬುದು ಗೊತ್ತಿದ್ದ ಸಂಗತಿಯೇ. ಗೊತ್ತಿರುವುದು ಬೇರೆ, ಎದೆಗೆ ತಾಗುವುದು ಬೇರೆ.

ಈ ಏಳು ಕೆರೆ ಯೋಜನೆಯ ಕಥೆ ಸ್ವಲ್ಪ ಹೇಳಬೇಕು. ಧಾರವಾಡದಾಚೆಯ ಗುಡ್ಡದ ಇಳಿಜಾರಿನಿಂದ ಒಂದೇ ಹಳ್ಳದ ಮೇಲೆ, ಒಂದರ ಕೆಳಗೆ ಒಂದು ಏಳು ಕೆರೆಗಳು. ಮುತ್ತಲಕೊಪ್ಪದ್ದು ಎಲ್ಲಕ್ಕಿಂತ ಕೆಳಗಿನದು, ಎಲ್ಲಕ್ಕಿಂತ ದೊಡ್ಡದು. ಬದಲಾಗುತ್ತಿರುವ ಹವಾಮಾನಕ್ಕೆ ಇಡೀ ಹಳ್ಳದ ಸೀಮೆಯನ್ನೇ ಸಜ್ಜುಗೊಳಿಸಬೇಕು, ಒಬ್ಬೊಬ್ಬರೇ ಮಾಡಿದರೆ ಆಗುವುದಿಲ್ಲ ಎಂದು ಹಲವು ಇಲಾಖೆಗಳು ಕೂಡಿದ್ದವು. ಊರವರು ಅವಕ್ಕೆ ತಮ್ಮದೇ ಹೆಸರಿಟ್ಟಿದ್ದರು: ನೀರಿನವರು, ಗಿಡದವರು, ಮಣ್ಣಿನವರು, ಪಂಚಾಯ್ತಿಯವರು, ಪರದೇಶದಿಂದ ದುಡ್ಡು ಕೊಡುವವರು. ಇವರೆಲ್ಲರ ನಡುವೆ ಓಡಾಡಿ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವುದೇ ಸುಕನ್ಯಾಳ ಕೆಲಸ. ಎಲ್ಲರೂ ಪಲ್ಲಕ್ಕಿಯಲ್ಲಿ ಕೂತರೆ ಹೊರುವವರು ಯಾರು ಎಂಬ ಗಾದೆ ಅವಳಿಗೆ ದಿನಕ್ಕೆರಡು ಸಲ ನೆನಪಾಗುತ್ತಿತ್ತು. ಮೊದಲ ತರಬೇತಿಯಲ್ಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರು, ಇನ್ನು ಮುಂದೆ ಮಳೆ ಬರುವ ದಿನಗಳು ಕಡಿಮೆಯಾಗುತ್ತವೆ, ಬಂದರೆ ಮಾತ್ರ ಒಮ್ಮೆಲೇ ಸುರಿಯುತ್ತದೆ ಎಂದು ಹೇಳಿದ್ದರು. ಎಲ್ಲರೂ ತಲೆ ಆಡಿಸಿದ್ದರು. ಆಮೇಲೆ ಬೋಂಡಾ ಚಹಾ ಆಗಿತ್ತು.

ಕೆಲಸವನ್ನು ಯಾರೂ ಕೆಟ್ಟದಾಗಿ ಮಾಡಲಿಲ್ಲ. ನನಗೆ ಇಂದಿಗೂ ಮೈ ಜುಮ್ಮೆನ್ನಿಸುವ ಮಾತು ಅದೇ. ಮೇಲಿನ ಆರು ಕೆರೆಗಳ ಹೂಳು ತೆಗೆದರು, ನೀರು ಹರಿಯುವ ದಾರಿಗಳನ್ನೆಲ್ಲ ಹಸನು ಮಾಡಿದರು. ಹಿಂದೆ ಅಲ್ಲಲ್ಲಿ ನಿಂತು, ಇಂಗಿ, ಅರ್ಧಕ್ಕರ್ಧ ಕಳೆದುಹೋಗುತ್ತಿದ್ದ ನೀರು ಈಗ ನೇರ ಮುತ್ತಲಕೊಪ್ಪಕ್ಕೆ ಇಳಿಯತೊಡಗಿತು. ಇಲ್ಲಿ ಕೆರೆಯ ಕೋಡಿಯಿಂದಾಚೆ, ಅಂದರೆ ಹೆಚ್ಚಾದ ನೀರು ಹೊರಬೀಳುವ ಕಲ್ಲುಕಟ್ಟೆಯ ಆಚೆ, ಒಂದು ಅಗಲವಾದ ಬಯಲುಪಟ್ಟಿ ಪಾಳು ಬಿದ್ದಿತ್ತು. ಕೆರೆ ಕೋಡಿ ಬಿದ್ದು ಎಷ್ಟೋ ವರ್ಷವಾಗಿದ್ದರಿಂದ ಅದು ನೀರಿನ ದಾರಿ ಎಂಬುದು ನೀರಿನವರ ನಕ್ಷೆಯಲ್ಲಿ ಮಾತ್ರ ಉಳಿದಿತ್ತು. ಗಿಡದವರ ನಕ್ಷೆಯಲ್ಲಿ ಅದು ಖಾಲಿ ಜಾಗ. ಅವರು ಅಲ್ಲಿ ಒತ್ತೊತ್ತಾಗಿ ಹೊಂಗೆ, ಬೇವು ಹಚ್ಚಿ, ದನ ಹೋಗದಂತೆ ತಂತಿಬೇಲಿ ಬಿಗಿದರು. ಸಸಿಗಳು ಎರಡು ಮಳೆಗಾಲದಲ್ಲಿ ಆಳೆತ್ತರ ಬಂದವು. ನೋಡಲು ಬಹಳ ಚೆಂದವಿತ್ತು.

ಆ ಭಾದ್ರಪದದಲ್ಲಿ ಕೆರೆ ನಿಜವಾಗಿಯೂ ತುಂಬಿ ಕೋಡಿ ಬಿತ್ತು. ನಮ್ಮ ಕಡೆ ಕೆರೆ ಕೋಡಿ ಬಿದ್ದರೆ ಗಂಗವ್ವನಿಗೆ ಉಡಿ ತುಂಬಬೇಕು. ಐದು ಮನೆಯ ಮುತ್ತೈದೆಯರು ಹಸಿರು ಸೀರೆ, ಹಸಿರು ಬಳೆ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ ತಂದು ಕೋಡಿಯ ಕಲ್ಲಿನ ಮೇಲೆ ಇಡುತ್ತಾರೆ. ಭೋರ್ಗರೆಯುವ ನೀರು ಅದನ್ನು ಕಣ್ಣು ಮಿಟುಕಿಸುವುದರೊಳಗೆ ಒಯ್ಯುತ್ತದೆ. ಗಂಗವ್ವ ತಾನೇ ಒಯ್ಯುವತನಕ ಆ ಉಡಿಯನ್ನಾಗಲಿ, ಅದು ಕುಳಿತ ಜಾಗವನ್ನಾಗಲಿ ಯಾರೂ ಮುಟ್ಟುವಂತಿಲ್ಲ. ಮುಟ್ಟಿದರೆ ಉಡಿ ಕೊಟ್ಟವಳ ಉಡಿಯೇ ಬರಿದಾಗುತ್ತದಂತೆ. ಹಳೆಯ ಕಾಲದಲ್ಲಿ ಈ ಕಟ್ಟಳೆ ಯಾರಿಗೂ ಭಾರವಾದದ್ದಿಲ್ಲ. ಹರಿಯುವ ಕೋಡಿಯಲ್ಲಿ ಉಡಿ ಎಷ್ಟು ಹೊತ್ತು ಕೂತೀತು?

ಹೆಂಗಸರು ಆವತ್ತೇ ಉಡಿ ತುಂಬಲು ಹೊರಟಿದ್ದರು. ಯೋಜನೆಯ ಮುಖ್ಯಸ್ಥ ಬಿಂದುಮಾಧವ ಅವರು ಬೇಡವೆಂದರು. ಪರದೇಶದ ಅತಿಥಿಗಳು ಬರುವವರಿದ್ದರು, ಅವರೆದುರಿಗೇ ಆಗಲಿ ಎಂದರು. ಬಿಂದುಮಾಧವರು ಕೆಟ್ಟ ಮನುಷ್ಯರಲ್ಲ. ಮೆಲುದನಿ, ಇಸ್ತ್ರಿ ಮಾಡಿದ ಖಾದಿ ಅಂಗಿ, ಯಾರ ಮನಸ್ಸನ್ನೂ ನೋಯಿಸದ ಮಾತು. ಸಮನ್ವಯ ಎಂಬ ಶಬ್ದವನ್ನು ಅವರು ಹೇಳುತ್ತಿದ್ದರೆ ಬಾಯಲ್ಲಿ ಪೇಡೆ ಇಟ್ಟುಕೊಂಡಂತಿರುತ್ತಿತ್ತು. ಅತಿಥಿಗಳು ಬರುವತನಕ ಕೋಡಿ ಹರಿದು ಹರಿದು ನಿಂತುಬಿಟ್ಟರೆ ಏನು ತೋರಿಸುವುದು ಎಂಬ ಪ್ರಶ್ನೆ ಬಂದಾಗ ಕೆರೆ ಸಂಘದ ಅಧ್ಯಕ್ಷ ಗುಡ್ಡಪ್ಪನೇ ಉಪಾಯ ಹೇಳಿದ. ಗೊಬ್ಬರದ ಖಾಲಿ ಚೀಲಗಳಲ್ಲಿ ಕೆರೆಯ ಎರೆಮಣ್ಣು ತುಂಬಿ ಕೋಡಿಯ ಮೇಲೆ ಸಾಲಾಗಿ ಪೇರಿಸಿದರೆ ನೀರು ನಿಲ್ಲುತ್ತದೆ, ಕಾರ್ಯಕ್ರಮದ ದಿನ ಮೇಲಿನ ಸಾಲು ಕಿತ್ತರೆ ಅತಿಥಿಗಳೆದುರು ನೀರು ಧುಮುಕುತ್ತದೆ ಎಂದ. ಎಲ್ಲರಿಗೂ ಒಪ್ಪಿಗೆಯಾಯಿತು. ಚೀಲ ಪೇರಿಸಿದರು.

ಅತಿಥಿಗಳು ಬರುವ ಹೊತ್ತಿಗೆ ಮೇಲಿನ ಸಾಲನ್ನು ಕೀಳುವ ಅಗತ್ಯವೇ ಬೀಳಲಿಲ್ಲ. ಚೀಲಗಳ ನೆತ್ತಿಯ ಮೇಲಿಂದಲೇ ನೀರು ತೆಳ್ಳಗೆ, ಗಾಜಿನ ಹಾಳೆಯಂತೆ ಜಾರುತ್ತಿತ್ತು. ಫೋಟೋಕ್ಕೆ ಅದೇ ಛಲೋ ಎಂದರು. ಐದು ಮನೆಯವರು ಉಡಿ ತುಂಬಿದರು. ಅದರಲ್ಲಿ ಮುರಿಗೆವ್ವ ಇಟ್ಟದ್ದು ಅಂಗಡಿಯಿಂದ ತಂದ ಸೀರೆಯಲ್ಲ. ಸೌಮ್ಯಾಳ ಸೀಮಂತದ ಕುಬಸದಲ್ಲಿ ಅವಳಿಗೆ ಉಡಿಸಿದ ಹಸಿರು ಸೀರೆಯನ್ನೇ ಮಡಿಸಿ ತಂದು, ಚೀಲಗಳ ಮೇಲೆ ಹಾಸಿ, ಈ ಸಲದ ಕೂಸನ್ನು ಕಾಯಿ ತಾಯಿ ಎಂದು ಹಣೆ ಹಚ್ಚಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ಎರಡು ದಿನಕ್ಕೆ ಮಳೆ ಹೊಳವಾಯಿತು. ಚೀಲದ ಮೇಲಿನ ನೀರು ಒಂದು ಗೇಣು ಕೆಳಗಿಳಿದು ನಿಂತಿತು. ಅಕ್ಕಿಯನ್ನು ಗುಬ್ಬಿಗಳು ತಿಂದವು, ಬಳೆಗಳು ಕೆಸರಲ್ಲಿ ಹೂತವು. ಸೀರೆ ಮಾತ್ರ ಚೀಲಗಳ ಸಂದಿಗೆ ಸಿಕ್ಕು ಅಲ್ಲೇ ಉಳಿಯಿತು. ಗಂಗವ್ವ ಒಯ್ಯಲಿಲ್ಲ. ಒಯ್ಯುವತನಕ ಮುಟ್ಟುವಂತಿಲ್ಲ. ಹೀಗೆ ಒಂದು ದಿನಕ್ಕೆಂದು ಪೇರಿಸಿದ ಚೀಲಗಳು ದೇವರ ಕಟ್ಟೆಯಾಗಿಬಿಟ್ಟವು. ಕೆಳಗಿನ ಓಣಿಯಲ್ಲಿ ಮನೆಗಳ ನೆಲ ತೇವ ಬಿಡತೊಡಗಿದ್ದು ಅದಾದ ಮೇಲೆಯೇ.

ಹಗೇವು ನೋಡಿದ ಮರುದಿನದಿಂದ ಸುಕನ್ಯಾ ಕಚೇರಿ ಕಚೇರಿ ಅಲೆದಳು. ಚೀಲ ತೆಗೆಸಿ ಎಂಬ ಒಂದೇ ಮಾತು. ನೀರಿನವರು ಕೆರೆಯನ್ನು ಸಂಘಕ್ಕೆ ಒಪ್ಪಿಸಿಯಾಗಿದೆ, ಸಂಘವನ್ನು ಕೇಳಿ ಎಂದರು. ಗುಡ್ಡಪ್ಪ ದೇವರ ಕೆಲಸಕ್ಕೆ ಕೈ ಹಾಕಲಾರೆ ಎಂದ. ಚೀಲ ಕೂತ ಮೇಲೆ ಅವನ ಹೊಲದ ಬಾವಿಗೆ ನೀರು ಏರಿದ್ದನ್ನು ಮಾತ್ರ ಹೇಳಲಿಲ್ಲ. ಗಿಡದವರು, ಈಗ ಕೋಡಿ ಬಿಟ್ಟರೆ ತಮ್ಮ ಸಸಿಗಳ ಗತಿ ಏನು, ತಪಾಸಣೆ ಮುಗಿಯಲಿ ಎಂದು ಕೈ ಮುಗಿದರು. ಕೊನೆಗೆ ಬಿಂದುಮಾಧವರ ಟೇಬಲ್ಲಿನ ಎದುರು ಹೋಗಿ ಕೂತಳು. ಅವರು ಚಹಾ ತರಿಸಿ, ಪೂರ್ತಿ ಕೇಳಿಸಿಕೊಂಡು, ನಿಜವಾಗಿಯೂ ಮರುಗಿದರು.

"ನಿಮ್ಮ ಕಾಳಜಿ ನನಗ ತಿಳೀತದ, ಸುಕನ್ಯಾ," ಎಂದರು. "ಆದ್ರ ಆ ಚೀಲಾ ಇಡ್ರಿ ಅಂತ ಯಾವ ಠರಾವಿನ್ಯಾಗೂ ಇಲ್ಲ. ಇಟ್ಟೇ ಇಲ್ಲದ ಚೀಲಾ ತಗೀರಿ ಅಂತ ನಾ ಹೆಂಗ ಬರೀಲಿ, ನೀವ ಹೇಳ್ರಿ."

ಅವರು ವ್ಯಂಗ್ಯ ಮಾಡುತ್ತಿರಲಿಲ್ಲ. ಮುಂದಿನ ಜಂಟಿ ಸಭೆಯಲ್ಲಿ ವಿಷಯ ಇಡುವುದಾಗಿ ಹೇಳಿ ಬಾಗಿಲತನಕ ಬಂದು ಕಳಿಸಿಕೊಟ್ಟರು. ಸುಕನ್ಯಾಳಿಗೆ ಸಿಟ್ಟು ಬರಬೇಕಿತ್ತು, ಬಂದದ್ದು ಹೆದರಿಕೆ. ಸಿಟ್ಟು ಮಾಡಲು ಎದುರಿಗೆ ಯಾರಾದರೂ ಇರಬೇಕಲ್ಲ.

ಉಳಿದದ್ದು ಒಂದೇ ದಾರಿ, ತಾನೇ ಹೋಗಿ ಕೀಳುವುದು. ಅದನ್ನು ಅವಳು ಬಾಯಿ ತಪ್ಪಿ ತಂಗಿಯ ಮುಂದೆ ಆಡಿದಳು. ಸೌಮ್ಯಾ ಅಡುಗೆ ಮನೆಯಲ್ಲಿ ಕೂತು ರೊಟ್ಟಿ ಹಿಟ್ಟು ನಾದುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಅಕ್ಕನ ಕೈ ಹಿಡಿದಳು.

"ಅಕ್ಕಾ, ಎರಡು ಹೋಗ್ಯಾವು. ಇದು ಮೂರನೇದು," ಎಂದಳು. "ಅಲ್ಲಿ ಇರೂದು ನನ್ನ ಕುಬಸದ ಸೀರಿ. ನಿನಗ ನಂಬಿಕಿ ಇಲ್ಲದಿದ್ರ ಇಲ್ಲ. ನನಗ ಐತಿ. ಮುಟ್ಟೂದಿಲ್ಲಂತ ಇಲ್ಲಿ ಕೈ ಇಟ್ಟು ಹೇಳು."

ಕೈಯನ್ನು ಎಳೆದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಒಳಗೆ ಕೂಸು ಮಿಸುಕಿದ್ದು ಸುಕನ್ಯಾಳ ಅಂಗೈಗೆ ಗೊತ್ತಾಯಿತು. ಮುಟ್ಟುವುದಿಲ್ಲ ಎಂದಳು. ಹೇಳಿದ್ದು ಮನಸಾರೆಯೇ. ಆ ಹೊತ್ತಿನಲ್ಲಿ ಬೇರೆ ಯಾರಿದ್ದರೂ ಅದನ್ನೇ ಹೇಳುತ್ತಿದ್ದರು. ಹೆರಿಗೆಗೆ ಧಾರವಾಡಕ್ಕೆ, ತನ್ನ ಕೋಣೆಗೆ ಬಾ ಎಂದು ಕರೆದದ್ದಕ್ಕೆ ಮಾತ್ರ ಸೌಮ್ಯಾ ನಕ್ಕಳು. ಉಡಿ ಅಲ್ಲಿರುವಾಗ ತಾನು ಊರು ಬಿಡುವುದು ಹೇಗೆ ಎಂದಳು.

ದಸರೆಯ ದಿನ ಓಣಿಯವರೆಲ್ಲ ಬನ್ನಿ ಹಂಚಿ, ಬಂಗಾರದಂತೆ ಇರೋಣ ಎಂದು ಹೇಳಿಕೊಂಡರು. ರಜೆಯೆಂದು ಸುಕನ್ಯಾಳೂ ಬಂದು ತಂಗಿಯ ಮನೆಯಲ್ಲಿ ಉಳಿದಿದ್ದಳು. ಮರುದಿನ ಮಳೆ ಹಿಡಿಯಿತು. ಅದು ನಮ್ಮ ಸೀಮೆಯ ಮಳೆಯಂತಿರಲಿಲ್ಲ. ಗುಡುಗಿಲ್ಲ, ಗಾಳಿಯಿಲ್ಲ, ಸುಮ್ಮನೆ ನೆಟ್ಟಗೆ ಸುರಿಯುತ್ತಲೇ ಇತ್ತು, ಹೇಳಿದ ಕೆಲಸ ಮಾಡಲು ಬಂದ ಆಳಿನ ಹಾಗೆ. ಸೌಮ್ಯಾಳ ಗಂಡ ಗುರುಬಸವ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಗೆ ಪಾಳಿಗೆ ಹೋದವನು ರಸ್ತೆ ಕಡಿದು ಅಲ್ಲೇ ಸಿಕ್ಕಿಬಿದ್ದ. ಮೂರನೆಯ ದಿನ ಬೆಳಿಗ್ಗೆ ಮೇಲಿನ ಆರೂ ಕೆರೆಗಳು ಕೋಡಿ ಬಿದ್ದ ಸುದ್ದಿ ಬಂತು. ಹಸನು ಮಾಡಿದ ದಾರಿಗಳಲ್ಲಿ ಆ ನೀರೆಲ್ಲ ಎಲ್ಲೂ ನಿಲ್ಲದೆ ಕೆಳಗೆ ಹೊರಟಿತ್ತು.

ಸುಕನ್ಯಾ ಹಿತ್ತಲಿಗೆ ಹೋಗಿ ಒಡ್ಡಿನ ಬುಡ ನೋಡಿದಳು. ಇಷ್ಟು ದಿನ ತಿಳಿಯಾಗಿ ಒಸರುತ್ತಿದ್ದ ನೀರು ಕದಡಿ ಕರ್ರಗೆ ಬರುತ್ತಿತ್ತು. ತಿಳಿನೀರು ಒಸರಿದರೆ ಚಿಂತೆಯಿಲ್ಲ, ರಾಡಿ ಬಂದರೆ ಒಡ್ಡು ಒಳಗಿನಿಂದ ಕರಗುತ್ತಿದೆ ಎಂದರ್ಥ. ತರಬೇತಿಯಲ್ಲಿ ಇಷ್ಟನ್ನು ಎಲ್ಲ ಇಲಾಖೆಯವರಿಗೂ ಕಲಿಸಿದ್ದರು. ಅವಳು ಬಿಂದುಮಾಧವರಿಗೆ ಫೋನ್ ಮಾಡಿದಳು. ಅವರು ಗಾಬರಿಯಾದರು, ನಾಳೆಯೇ ತುರ್ತು ಸಭೆ ಕರೆಯುತ್ತೇನೆ ಎಂದರು. ಪಕ್ಕದ ಮನೆಯ ಮಕ್ತುಮಬಿ ಆಡುಗಳನ್ನು ಹೊಡೆದುಕೊಂಡು ಎತ್ತರದ ಸಾಲಿ ಗುಡಿಯ, ಅಂದರೆ ಊರ ಶಾಲೆಯ ಕಡೆ ಹೊರಟವಳು, ಬಾಗಿಲಲ್ಲಿ ನಿಂತು ಸೌಮ್ಯಾಳನ್ನು ಕರೆದಳು. ಮುರಿಗೆವ್ವ ಬಿಡಲಿಲ್ಲ. ದಿನ ತುಂಬಿದವಳನ್ನು ಈ ಕೆಸರಲ್ಲಿ ನಡೆಸುವುದುಂಟೇ, ಗಂಗವ್ವ ಕಾಯುತ್ತಾಳೆ ಎಂದಳು.

ಸುಕನ್ಯಾ ಮೂಲೆಯಲ್ಲಿದ್ದ ಹಾರೆ ತೆಗೆದುಕೊಂಡಳು. ತಂಗಿ ಒಳಗೆ ಮಲಗಿದ್ದಳು. ಅವಳನ್ನು ನೋಡಲು ಹೋಗಲಿಲ್ಲ. ನೋಡಿದ್ದರೆ ಕಾಲು ಮುಂದೆ ಬರುತ್ತಿರಲಿಲ್ಲ.

ಕೋಡಿಯ ಹತ್ತಿರ ಗುಡ್ಡಪ್ಪ ಗೋಣಿಚೀಲದ ಕೊಪ್ಪೆ ಹೊದ್ದು ನಿಂತಿದ್ದ. ಅವನಿಗೂ ನಿದ್ದೆ ಹತ್ತಿರಲಿಲ್ಲ ಎಂಬುದು ಮುಖ ನೋಡಿದರೆ ತಿಳಿಯುತ್ತಿತ್ತು. ಒಡ್ಡಿನ ತಲೆಗೂ ನೀರಿಗೂ ಒಂದು ಮೊಳ ಅಂತರ ಉಳಿದಿತ್ತು. ಸುಕನ್ಯಾ ಕೈ ಹಚ್ಚಲು ಕರೆದಳು.

"ನಾ ಇಲ್ಲಿಗೆ ಬಂದಿಲ್ರಿ ಬಾಯಾರ," ಎಂದ ಗುಡ್ಡಪ್ಪ. "ನಿಮ್ಮನ್ನೂ ನಾ ನೋಡಿಲ್ಲ."

ಅವನು ಹಾಗೆಂದು ಬೆನ್ನು ತಿರುಗಿಸಿದ, ಆದರೆ ಹೋಗಲಿಲ್ಲ. ಸುಕನ್ಯಾ ಮೊದಲು ಸೀರೆ ಎಳೆದಳು. ಅದು ಸಂದಿಯಿಂದ ಬರಲೊಲ್ಲದು. ಜಗ್ಗಿದಾಗ ಅಂಚು ಹರಿದು ಸೀರೆ ಕೈಗೆ ಬಂತು. ಕಣ್ಣಿಗೆ ಒತ್ತಿಕೊಂಡು ಹೆಗಲಿಗೆ ಹಾಕಿಕೊಂಡಳು. ಚೀಲಗಳು ಎರೆಮಣ್ಣಿನವು. ನೀರು ಕುಡಿದು ಉಬ್ಬಿ ಒಂದರೊಳಗೊಂದು ಬಿಗಿದುಕೊಂಡಿದ್ದವು. ಎತ್ತಲಾಗದೆ ಹಾರೆಯ ತುದಿಯಿಂದ ಒಂದೊಂದರ ಹೊಟ್ಟೆ ಸೀಳಿದಳು. ಎರಡು ಸೀಳುವಷ್ಟರಲ್ಲಿ ಉಳಿದದ್ದನ್ನು ನೀರೇ ಮಾಡಿತು. ಅವಳು ಪಕ್ಕದ ಕಲ್ಲಿಗೆ ಜಿಗಿದಳು. ಹೆಗಲ ಮೇಲಿನ ಸೀರೆಯನ್ನು ನೀರು ಸೆಳೆದುಕೊಂಡು ಹೋಯಿತು.

ಕೋಡಿ ಹರಿಯಿತು. ಕೆರೆಯ ಮಟ್ಟ ಇಳಿಯತೊಡಗಿದ್ದು ಕಣ್ಣಿಗೆ ಕಾಣುತ್ತಿತ್ತು. ಒಂದು ಕ್ಷಣ ಸುಕನ್ಯಾಳಿಗೆ ಗೆದ್ದೆ ಎನ್ನಿಸಿತು. ಆಮೇಲೆ ನೀರು ಗಿಡದವರ ಬೇಲಿಯನ್ನು ಮುಟ್ಟಿತು. ತೇಲಿಬಂದ ಕಸ, ಹುಲ್ಲು, ಗೋವಿನಜೋಳದ ದಂಟು ತಂತಿಗೆ ಒತ್ತಿ ಕಟ್ಟೆ ಕಟ್ಟಿದವು, ಹಿಂದಿನ ಸಸಿಗಳು ಅದಕ್ಕೆ ಬೆನ್ನು ಕೊಟ್ಟವು. ನೀರು ನಿಂತಿತು, ಏರಿತು, ಎಡಕ್ಕೆ ತಿರುಗಿತು. ಎಡಕ್ಕೆ ಕೆಳಗಿನ ಓಣಿ.

ಅದು ಕೊಚ್ಚಿಕೊಂಡು ಹೋಗುವ ನೀರಾಗಿರಲಿಲ್ಲ. ಮೊಣಕಾಲಿಗೆ ಬಂತು, ಟೊಂಕಕ್ಕೆ ಬಂತು, ಅಲ್ಲೇ ನಿಂತಿತು. ಮಣ್ಣಿನ ಗೋಡೆಗಳು ಕುಸಿದವು, ಮುರಿಗೆವ್ವನ ಹಗೇವು ಬಾಯಿ ಬಿಟ್ಟು ಅಂಗಳವನ್ನು ನುಂಗಿತು. ಜನ ಎಲ್ಲರೂ ಬದುಕಿದರು. ಸೌಮ್ಯಾಳಿಗೆ ಆ ನೀರಿನಲ್ಲೇ ಬೇನೆ ಶುರುವಾಯಿತು. ನಾಲ್ಕು ಮಂದಿ ಹೊರಸು ಮಂಚದ ಮೇಲೆ ಎತ್ತಿ ಸಾಲಿ ಗುಡಿಗೆ ತಂದರು. ಆಚೆ ಧಾರವಾಡಕ್ಕೆ ದಾರಿಯಿರಲಿಲ್ಲ. ಮಕ್ತುಮಬಿ ಪಡಸಾಲೆಯಲ್ಲಿ ತನ್ನ ಸೀರೆಯನ್ನೇ ಅಡ್ಡ ಕಟ್ಟಿ ಕೈಲಾದದ್ದು ಮಾಡಿದಳು. ಕೂಸು ಅಳಲಿಲ್ಲ. ಗಂಡು ಕೂಸು.

ಮಳೆ ನಿಂತ ಮೇಲೆ ಜಂಟಿ ಸಭೆ ಸೇರಿತು. ಆ ಯೋಜನೆಯ ಅಷ್ಟೂ ವರ್ಷಗಳಲ್ಲಿ ಒಂದು ಠರಾವಿಗೆ ಎಲ್ಲ ಇಲಾಖೆಯವರೂ ಕೂತಲ್ಲೇ ಸಹಿ ಹಾಕಿದ್ದು ಅದೊಂದೇ ಸಲ. ಅನಧಿಕೃತ ವ್ಯಕ್ತಿಯೊಬ್ಬರು ಕೋಡಿಗೆ ಕೈ ಹಚ್ಚಿದ್ದರಿಂದ ಕೆಳಗಿನ ವಸತಿಗೆ ನೀರು ನುಗ್ಗಿತು ಎಂದು ಬರೆದರು. ಚೀಲಗಳ ಮಾತು ಬರಲಿಲ್ಲ, ಅವನ್ನು ಯಾರೂ ಇಟ್ಟೇ ಇರಲಿಲ್ಲವಲ್ಲ. ಬಿಂದುಮಾಧವರ ಕಣ್ಣು ತುಂಬಿ ಬಂದಿತ್ತಂತೆ. ಸಹಿ ಅವರದೇ ಮೊದಲು. ಸುಕನ್ಯಾಳ ಕೆಲಸ ಹೋಯಿತು. ಅದು ಅವಳಿಗೆ ಅಷ್ಟಾಗಿ ತಾಗಲಿಲ್ಲ. ಒಡೆದ ಒಡ್ಡನ್ನು ಊರೆಲ್ಲ ನೋಡುತ್ತದೆ, ಒಡೆಯದೆ ಉಳಿದ ಒಡ್ಡಿಗೆ ಸಾಕ್ಷಿ ಹೇಳುವವರು ಯಾರೂ ಇರುವುದಿಲ್ಲ ಎಂಬುದನ್ನು ಅವಳು ಆಗಲೇ ಅರಿತುಕೊಂಡಿದ್ದಳು.

ತಂಗಿಯನ್ನು ನೋಡಲು ಹೋದಳು. ಬಿದ್ದ ಗೋಡೆಗೆ ತಗಡು ನಿಲ್ಲಿಸಿದ್ದರು. ಮುರಿಗೆವ್ವ ಇವಳನ್ನು ಕಂಡು ಸೆರಗು ಮುಖಕ್ಕೆ ಎಳೆದುಕೊಂಡು ಹಿತ್ತಲಿಗೆ ಹೋದಳು. ಸುಕನ್ಯಾ ಒಡ್ಡಿನ ರಾಡಿ ನೀರಿನ ಸಂಗತಿ ಹೇಳಿದಳು, ಇನ್ನೂ ತಡ ಮಾಡಿದ್ದರೆ ಒಡ್ಡು ಒಡೆದು ಓಣಿಗೆ ಓಣಿಯೇ ಹೋಗುತ್ತಿತ್ತು ಎಂದಳು, ಕಾಲು ಹಿಡಿಯಲು ಹೋದಳು. ಸೌಮ್ಯಾ ಕಾಲು ಹಿಂದಕ್ಕೆ ತೆಗೆದುಕೊಂಡಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ.

"ಒಡ್ಡು ಒಡೀಲಿಲ್ಲ ಅಕ್ಕಾ," ಎಂದಳು. "ನೀ ಒಡದಿ."

ಅದಾದ ಮೇಲೆ ಸುಕನ್ಯಾ ಸಪ್ತಾಪುರದ ಕೋಣೆ ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಸುತ್ತಲಿನ ವಿದ್ಯಾರ್ಥಿಗಳ ಬರಹಗಳನ್ನು ಟೈಪ್ ಮಾಡಿಕೊಡುತ್ತ ದಿನ ಕಳೆದಳು. ಮರುವರ್ಷ ಭಾದ್ರಪದದ ಒಂದು ಮಧ್ಯಾಹ್ನ ಗುಡ್ಡಪ್ಪನ ಫೋನ್ ಬಂತು. ಕೆರೆ ಮತ್ತೆ ಕೋಡಿ ಮುಟ್ಟಿದೆ, ಇಲಾಖೆಯವರೆಲ್ಲ ಬರುತ್ತಾರೆ, ಉಡಿ ತುಂಬುವುದಿದೆ, ಹಿರಿಯರಿಗೆ ಅಂಜಿಕೆ ಇರುವುದರಿಂದ ನೀವು ದಯವಿಟ್ಟು ಆ ಕಡೆ ಬರಬೇಡಿ ಎಂದು ಬಹಳ ಮರ್ಯಾದೆಯಿಂದಲೇ ಹೇಳಿದ. ಬೇಲಿ ತೆಗೆದರೇ ಎಂದು ಅವಳು ಕೇಳಿದಳು. ಗಿಡಗಳಿಗೆ ಬಹುಮಾನ ಬಂದಿದೆಯಂತೆ, ಬೇಲಿ ಹೊಸದಾಗಿ ಹಾಕಿದ್ದಾರಂತೆ. ಚೀಲಗಳು?

"ಈ ಸಲ ಎರಡು ಸಾಲು ಹೆಚ್ಚಿಗಿ ಇಟ್ಟೇವ್ರಿ. ಯಾರೂ ಕಿತ್ತಬಾರದಂತ ಮ್ಯಾಲ ಕಲ್ಲು ಹೇರೇವಿ."

ಸೌಮ್ಯಾ ಹೇಗಿದ್ದಾಳೆ ಎಂದು ಸುಕನ್ಯಾ ಕೇಳಿದಳು. ಗುಡ್ಡಪ್ಪ ಮೊದಲ ಸಲ ನಕ್ಕ. ಆರಾಮ ಇದ್ದಾಳೆ, ಮತ್ತೆ ಮೂರು ತಿಂಗಳ ಬಸುರಿಯಂತೆ, ಮೊದಲ ಉಡಿ ಅವಳದೇ ಎಂದ. ಹೊರಗೆ ಮಳೆ ಹನಿಯತೊಡಗಿತ್ತು. ಸುಕನ್ಯಾ ಫೋನ್ ಕೆಳಗಿಟ್ಟು, ಎದ್ದು ಹೋಗಿ ಕಿಟಕಿ ಮುಚ್ಚಿದಳು.